ಒಳಚೀಲ

ರಟ್ಟಿನ ಡಬ್ಬಗಳೆಲ್ಲ ಅಕ್ಕತಂಗಿಯರ ಹಾಗೆ:
ಮೇಲೆ ಹಾಲಿನ ಅಲೆ, ನಗುವ ಹುಡುಗ,
ಒಳಗೆ ಎಷ್ಟು ಹುಡುಕಿದರೂ ಸಿಗದ ಸ್ಟ್ರಾಬೆರಿ.
ಕತ್ತರಿ ಹಾಕಿದ ಮೇಲೆಯೇ ಗೊತ್ತಾಗುವುದು
ಒಬ್ಬೊಬ್ಬಳ ಒಳಲಂಗ ಬೇರೆ.

ಕಕ್ಕಬ್ಬೆಯ ಈ ಹೋಂಸ್ಟೇಯಲ್ಲಿ ಏಳು ವರ್ಷದಿಂದ
ಬೆಳಗಿನ ತಿಂಡಿ ನನ್ನದು.
ನೂಪುಟ್ಟು, ಕೋಳಿ ಸಾರು ಒಂದು ಕಡೆ;
ಇನ್ನೊಂದು ಕಡೆ, ಖಾರ ತಿನ್ನದ ಮಕ್ಕಳಿಗೆ,
ಗಾಜಿನ ಮೂರು ಭರಣಿ.
ತುಂಬುವವಳು ನಾನು, ಹಾಗಾಗಿ ತಲೆ ಕೆಡಿಸಿಕೊಳ್ಳುವವಳೂ ನಾನೇ.
ಕಾರ್ನ್‌ಫ್ಲೇಕ್ಸಿನ ಚೀಲ ಹಾಲುಬಣ್ಣ, ದಪ್ಪ,
ಮುಟ್ಟಿದರೆ ತರಗೆಲೆಯ ಮೇಲೆ ನಾಯಿ ನಡೆದ ಸದ್ದು.
ಮ್ಯೂಸ್ಲಿಯದು ಬೆಳ್ಳಿ; ಇಣುಕಿದರೆ
ನನ್ನದೇ ಮೂಗು, ಸೊಟ್ಟಗೆ.
ಇಟ್ಟಿಗೆಯಂಥ ಗೋಧಿ ಬಿಸ್ಕತ್ತಿಗೆ ಬರೀ ಕಾಗದ,
ಪಾಪ, ಶಾಲೆಯ ಪುಸ್ತಕಕ್ಕೆ ಹಾಕುವ ಬೈಂಡಿನಷ್ಟೂ ಇಲ್ಲ.

ನಾಪೋಕ್ಲಿನ ಅಂಗಡಿಯ ಅಬೂಟಿಯನ್ನು ಕೇಳಿದೆ.
"ಕಂಪನಿಯವರಿಗೆ ದುಡ್ಡು ಹೆಚ್ಚಾಗಿದೆ" ಎಂದ,
ತಕ್ಕಡಿಯಿಂದ ಕಣ್ಣೆತ್ತದೆ.
ಯಜಮಾನಿ ಚೋಂದಮ್ಮಕ್ಕನನ್ನು ಕೇಳಿದೆ.
"ಮೊದಲು ಬಡಿಸು" ಎಂದರು.

ಆಮೇಲೆ ಒಬ್ಬ ಬಂದ, ಕಕ್ಕಡ ತಿಂಗಳಲ್ಲಿ,
ಬೆಂಕಿಕಡ್ಡಿ ಗೀರಿದರೆ ಮದ್ದು ಮಾತ್ರ ಉದುರುವ ದಿನಗಳಲ್ಲಿ.
ತಡಿಯಂಡಮೋಳ್ ಹತ್ತಲು ಬಂದು, ಮಂಜಿಗೆ ಸಿಕ್ಕಿ,
ಎರಡು ದಿನ ಅಡುಗೆಮನೆಯ ಹೊಸ್ತಿಲಲ್ಲೇ ಕುಳಿತವ.
ಹೆಸರು ಅರುಳ್. ಹೊಸೂರಿನ ಕಡೆ
ಪ್ಲಾಸ್ಟಿಕ್ ಹಾಳೆ ಮಾಡುವ ಕಾರ್ಖಾನೆಯಲ್ಲಿ ಕೆಲಸವಂತೆ.
ಖಾಲಿ ಚೀಲವನ್ನು ಬೆರಳ ನಡುವೆ ಉಜ್ಜಿ ನೋಡಿದ,
ನಮ್ಮವರು ಮೆಣಸಿನ ಕಾಳು ಉಜ್ಜುವ ಹಾಗೆ.

"ಯಾವುದಕ್ಕೆ ಯಾವುದರ ಭಯ, ಅಷ್ಟೇ ಲೆಕ್ಕ" ಎಂದ.
"ಈ ಜೋಳದ ಚಕ್ಕೆಗೆ ತೇವದ ಭಯ, ಅದಕ್ಕೇ ದಪ್ಪ.
ಬಾದಾಮಿ ಗೋಡಂಬಿಯಲ್ಲಿ ಎಣ್ಣೆಯುಂಟು,
ಬೆಳಕು ಗಾಳಿ ತಗುಲಿದರೆ ಕಮಟು ಹಿಡಿಯುತ್ತದೆ,
ಅದಕ್ಕೆ ಬೆಳ್ಳಿಯ ಗೋಡೆ."
"ಗೋಧಿ ಬಿಸ್ಕತ್ತಿಗೆ ಭಯವೇ ಇಲ್ಲವಾ?"
ಸ್ವಲ್ಪ ಹೊತ್ತು ಸುಮ್ಮನಿದ್ದ.
"ಅದಕ್ಕೆ ಉಸಿರಾಡಬೇಕು.
ತೀರಾ ಬಿಗಿ ಕಟ್ಟಿದರೆ ತನ್ನ ವಾಸನೆ ತನಗೇ ಮುಳುವು."

ಇದೇನು ಹೊಸತು ಅನ್ನಿಸಿತು ನನಗೆ.
ಅಕ್ಕಿ ಒಟ್ಟಿಯನ್ನು ಬಟ್ಟೆಯಲ್ಲಿ ಸುತ್ತುವುದು, ಡಬ್ಬಿಯಲ್ಲಲ್ಲ;
ಕೂವಳೆಪುಟ್ಟಿಗೆ ಕೂವಳೆಯ ಎಲೆಯೇ ಆಗಬೇಕು;
ಒಣಗಿಸುವ ಹಂದಿಮಾಂಸ ಒಲೆಯ ಮೇಲೆ ತೂಗುತ್ತದೆ
ಹೊಗೆಯನ್ನೇ ಉಟ್ಟುಕೊಂಡು.
ಹೇಳಲಿಲ್ಲ. ಅವನ ಮುಖ ಬೆಳಗಿತ್ತು;
ಅವನ ಕೆಲಸದ ಬಗ್ಗೆ ಈವರೆಗೆ
ಯಾರೂ ಕೇಳಿರಲಿಲ್ಲವೇನೋ.

ಅವನು ಹೋದ ಮೇಲೆ ಚೀಲ ಎಸೆಯುವುದು ಬಿಟ್ಟೆ.
ದಪ್ಪದ್ದರಲ್ಲಿ ಬೆಂಕಿಪೊಟ್ಟಣ, ಉಪ್ಪು.
ಬೆಳ್ಳಿಯದರಲ್ಲಿ ಸೂಜಿಮೆಣಸು.
ಇನ್ನೊಂದು ಬೆಳ್ಳಿಯದರಲ್ಲಿ ರೇಷನ್ ಕಾರ್ಡು,
ಮಗಳ ಜಾತಿ ಸರ್ಟಿಫಿಕೇಟು,
ಗಂಡ ಹೋದ ಮೇಲೆ
(ಸತ್ತದ್ದಲ್ಲ, ಹೋದದ್ದು)
ವಿರಾಜಪೇಟೆ ಕೋರ್ಟಿನಿಂದ ಬಂದ ಕಾಗದ.
ಮೂರು ಸಲ ಮಡಿಸಿ, ಬಟ್ಟೆಯ ಕ್ಲಿಪ್ಪು ಹಾಕಿ.

ಮೊನ್ನೆ ಬಿಚ್ಚಿದೆ. ಅಕ್ಷರ ಒಂದೂ ಕದಡಿರಲಿಲ್ಲ,
ಸೀಲಿನ ನೇರಳೆ ಹಾಗೆಯೇ.
ಆದರೆ ಮುಖಕ್ಕೆ ಹೊಡೆಯಿತು ಕಮಟು,
ಹಳೇ ಮ್ಯೂಸ್ಲಿಯದೋ, ಕೋರ್ಟಿನದೋ.
ಕಾರ್ಡು, ಸರ್ಟಿಫಿಕೇಟು ಒರೆಸಿ ಮತ್ತೆ ಬೆಳ್ಳಿಗೆ ಹಾಕಿದೆ.
ಇನ್ನೊಂದನ್ನು ಗೋಧಿ ಬಿಸ್ಕತ್ತಿನ ಕಾಗದದಲ್ಲಿ ಸುತ್ತಿ
ಕಿಟಕಿಯ ಹತ್ತಿರ ಇಟ್ಟೆ.
ಹಾಳಾದರೆ ಆಗಲಿ.

ಏಳೂವರೆ. ಮೇಲಿನ ಕೋಣೆಯ ಮಕ್ಕಳು
ಮೆಟ್ಟಿಲಿಳಿಯುವ ಸದ್ದು.
ಭರಣಿಗೆ ಕಾರ್ನ್‌ಫ್ಲೇಕ್ಸು ಸುರಿಯುತ್ತೇನೆ.
ಈ ಮಂಜಿನಲ್ಲಿ ಇನ್ನು ಹತ್ತು ನಿಮಿಷ ಗರಿಗರಿ.
"ಬೇಗ ಬನ್ನಿ" ಎಂದು ಕೂಗುತ್ತೇನೆ.
ಅವರು ಜಗಲಿಯಲ್ಲಿ ನಿಂತು ಜಿಗಣೆ ನೋಡುತ್ತಿದ್ದಾರೆ.