ಆರು ಗುಂಡಿ

ನಮ್ಮ ಮನೆಯಲ್ಲಿ ಪರದೆ ಕಟ್ಟುವಂತಿರಲಿಲ್ಲ.
ರಿಬ್ನಿಕ್ಕಿನ ಗಣಿಗೇರಿ, ಒಂದೇ ಅಚ್ಚಿನ ಇಟ್ಟಿಗೆ ಮನೆಗಳ ಸಾಲು,
ಅದರಲ್ಲಿ ನಮ್ಮ ಕಿಟಕಿಗೆ ಮಾತ್ರ ರೆಪ್ಪೆಯಿಲ್ಲ.
ಬೆಳಕು ಬರಲಿ ಅಂತ, ಅನ್ನುತ್ತಿದ್ದಳು ಅಮ್ಮ.
ಕಲ್ಲಿದ್ದಲ ಮಸಿ ಕೂತ ಗಾಜಿನಿಂದ
ಅದೆಂಥ ಬೆಳಕೋ, ನಾನು ಕೇಳಲಿಲ್ಲ.
ಕೇಳದೆ ಇರುವುದನ್ನು ನಮಗೆ
ಚಮಚ ಹಿಡಿಯುವುದಕ್ಕೂ ಮೊದಲು ಕಲಿಸಿದ್ದರು.

ಚಮಚವನ್ನು ನಾನು ಎಡಗೈಯಲ್ಲಿ ಹಿಡಿದೆ.
ಓಪಾ ಹುಬೆರ್ಟ್ ಬೈಯಲಿಲ್ಲ, ಹೊಡೆಯಲಿಲ್ಲ,
ಊಟ ಅರ್ಧಕ್ಕೇ ಬಿಟ್ಟು
ಅಂಗಳದ ಪಾರಿವಾಳದ ಗೂಡಿಗೆ ಹೋದರು.
ಮರುದಿನ ಅಮ್ಮ ನನ್ನ ಎಡಗೈಯನ್ನು
ಉಣ್ಣೆಯ ಶಾಲಿನಿಂದ ಕುರ್ಚಿಗೆ ಕಟ್ಟಿದಳು,
ಮೆತ್ತಗೆ, ಗಾಯಕ್ಕೆ ಪಟ್ಟಿ ಕಟ್ಟುವ ಹಾಗೆ.

ಓಪಾರ ಹಳೆಯ ಫೋಟೋ ಒಂದೇ ಒಂದು,
ಬೀರುವಿನ ಮೇಲೆ, ತುಸು ಓರೆಯಾಗಿ.
ಕರೀ ಕೋಟು, ಬಿಳಿ ಕಾಲರು, ಟೈ,
ಪಕ್ಕದಲ್ಲಿ ನೆಲದವರೆಗೆ ಇಳಿದ ಪರದೆ.
ಯಾವ ವರ್ಷದ್ದು ಅಂದರೆ
ಓಮಾ ಒಲೆಯ ಕಡೆ ತಿರುಗುತ್ತಿದ್ದಳು,
ಒಲೆ ಆರಿದ್ದರೂ.

ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ನಮ್ಮ ಕಡೆ ಎಲ್ಲರೂ
ಒಂದು ತಟ್ಟೆ ಹೆಚ್ಚಿಗೆ ಇಡುತ್ತಾರೆ,
ಹೇಳದೆ ಬರುವ ಅತಿಥಿಗೆ.
ಅದು ಖಾಲಿಯೇ ಇರಬೇಕು.
ನಮ್ಮಲ್ಲಿ ಓಪಾ ಅದಕ್ಕೂ ಬಡಿಸುತ್ತಿದ್ದರು,
ಸೆಣಬಿನ ಬೀಜದ ಗಂಜಿ, ಎರಡು ಸೌಟು.
ರಾತ್ರಿಯೆಲ್ಲ ಅದು ಅಲ್ಲೇ ತಣಿಯುತ್ತಿತ್ತು.
ಬೆಳಗ್ಗೆ ಯಾರು ಚೆಲ್ಲುತ್ತಿದ್ದರೋ, ನಾವು ನೋಡಿದ್ದಿಲ್ಲ.

ಈಗ ನನಗೆ ಕತೊವಿತ್ಸೆಯ ದಾಖಲೆ ಕಚೇರಿಯಲ್ಲಿ ಕೆಲಸ.
ಸತ್ತವರ ಕಾಗದಗಳಿಗೆ ಯಂತ್ರದ ಬೆಳಕು ಹಾಯಿಸುತ್ತೇನೆ.
ಒಂದು ಮಧ್ಯಾಹ್ನ, ಬೇರೆ ಕೆಲಸವಿರಲಿಲ್ಲ,
ಓಪಾರನ್ನೂ ಮಲಗಿಸಿದೆ ಗಾಜಿನ ಮೇಲೆ.
ಕೋಟು ಕರಗಿತು.
ಅದು ಬಣ್ಣ, ಯಾವನೋ ಸ್ಟುಡಿಯೋದವನ ನುಣುಪಾದ ಕುಂಚ.
ಕೆಳಗೆ ಜರ್ಮನ್ ಸೇನೆಯ ಅಂಗಿ.
ಎಣಿಸಿದೆ, ಆರು ಗುಂಡಿ.
ಇದು ಗೊತ್ತಿದ್ದದ್ದೇ, ಎಂದುಕೊಂಡೆ.
ಈ ಮಣ್ಣಿನಲ್ಲಿ ಯಾರ ಮನೆಯ ಗಂಡಸನ್ನು ಆಗ
ಆ ಅಂಗಿಯೊಳಗೆ ತುರುಕಲಿಲ್ಲ?

ಆಮೇಲೆ ಪರದೆಯೂ ಕರಗಿತು.
ಅಲ್ಲಿ ಇನ್ನೊಂದು ಸಾಲು ಗುಂಡಿ.
ಇನ್ನೊಬ್ಬ. ಓಪಾರದೇ ಹಣೆ, ಓಪಾರದೇ ಕಿವಿ,
ತುಟಿಯಲ್ಲಿ ಅವರಲ್ಲಿ ಎಂದೂ ಕಾಣದ ತುಂಟತನ,
ಬೆರಳ ಸಂದಿನಲ್ಲಿ ಸಿಗರೇಟು.
ಎಡಗೈ.

ಚೌಕಟ್ಟು ಬಿಚ್ಚಿದರೆ ರಟ್ಟಿನ ಹಿಂದೆ ಒಂದು ಕಾರ್ಡು,
ಬ್ರಾಡ್‌ಫರ್ಡಿನ ಮುದ್ರೆ, ಐವತ್ತೆಂಟನೆಯ ಇಸವಿ.
ಹುಬೆರ್ಟ್, ಅಕ್ಷರ ಸೊಟ್ಟಗಿವೆ, ನಗಬೇಡ,
ಬಲಗೈಯಲ್ಲಿ ಬರೆಯುವುದು ಕಲಿತಿದ್ದೇನೆ.
ಇಲ್ಲಿಯೂ ಹೊಗೆ, ಇಲ್ಲಿಯೂ ಮಳೆ.
ಅಮ್ಮ ಇದ್ದಾಳಾ?

ತೆಯೊಫಿಲ್, ಎಂದಳು ಅಮ್ಮ,
ಎಪ್ಪತ್ತು ವರ್ಷ ಬಾಯಲ್ಲಿಟ್ಟುಕೊಂಡ ಕಲ್ಲನ್ನು
ಅಂಗೈಗೆ ಉಗುಳಿದ ಹಾಗೆ.
ಇಟಲಿಯ ಗುಡ್ಡದಲ್ಲಿ ಒಂದು ರಾತ್ರಿ
ಅವನು ಆಚೆಯ ಪೋಲಿಷ್ ದಂಡಿನತ್ತ ತೆವಳಿ ಹೋದನಂತೆ.
ಕಾವಲು ಯಾರದಿತ್ತು ಎಂದು ಅವಳು ಹೇಳಲಿಲ್ಲ.
ಹಾರಿಸದಿದ್ದರೆ ಇವರನ್ನೇ ಹಾರಿಸುತ್ತಿದ್ದರು,
ಎಂದಷ್ಟೇ ಹೇಳಿ
ಬರಿಯ ಕಿಟಕಿಯನ್ನು ನೋಡಿದಳು.

ಉತ್ತರ ಬರೆದರೇ?
ಇಲ್ಲ.
ಆದರೆ ನಾನು ಚಿಕ್ಕವಳಿದ್ದಾಗ, ಎಂದಳು ತಡವಾಗಿ,
ಆ ಹೆಚ್ಚಿನ ತಟ್ಟೆಯ ಚಮಚ ಎಡಕ್ಕಿರುತ್ತಿತ್ತು.
ನನಗೆ ಒಂಬತ್ತಾದ ವರ್ಷ
ಅಪ್ಪ ಅದನ್ನು ಎತ್ತಿ ಬಲಕ್ಕಿಟ್ಟರು.
ಕೈ ನಡುಗಿ ಗಂಜಿ ಚೆಲ್ಲಿತು,
ಓಮಾ ಒರೆಸಲಿಲ್ಲ.

ಈ ಡಿಸೆಂಬರಿನಲ್ಲಿ ನಾನೇ ಬಡಿಸಿದೆ, ಎರಡು ಸೌಟು.
ಕಿಟಕಿಯಲ್ಲಿ ನಾವಿಬ್ಬರೂ ಕಾಣುತ್ತೇವೆ.
ನನ್ನ ಚಮಚ ನನ್ನ ಎಡಗೈಯಲ್ಲಿ,
ಅಮ್ಮ ಅದನ್ನು ನೋಡಿಯೂ ಎದ್ದು ಹೋಗಿಲ್ಲ.
ಇನ್ನೊಂದು ಅವಳ ಕೈಯಲ್ಲಿದೆ,
ತಟ್ಟೆಯ ಮುಂದೆ ನಿಂತಿದ್ದಾಳೆ
ಯಾವ ಕಡೆ ಇಡಲಿ ಎಂದು.
ಗಂಜಿಯ ಮೇಲೆ ಆಗಲೇ ಕೆನೆ ಕಟ್ಟುತ್ತಿದೆ.