ಇದಿ ಕಾದು

ಸುಟ್ಟ ಮೋಟಾರಿನ ತಾಮ್ರದ ತಂತಿ, ಇಪ್ಪತ್ತೆಂಟು ಸುತ್ತು,
ಒಡೆದ ಬಕೆಟ್ಟಿನ ತಳ, ಒಂದು ಬಿದಿರುಗೋಲು,
ಮಗಳು ಬಿಸಾಕಿದ ಹೆಡ್‌ಫೋನು.
ವಾರವಿಡೀ ಬೋರ್‌ವೆಲ್ಲಿನ ಮೋಟಾರು ಕಟ್ಟುವ ಕೈ
ಭಾನುವಾರಕ್ಕೆಂದು ಕಟ್ಟಿಕೊಂಡ ಹುಚ್ಚು.

ಊರ ಹೆಸರು ಚಿಂತಾಮಣಿ, ಬೇಡಿದ್ದು ಕೊಡುವ ಮಣಿಯಂತೆ.
ನಾನು ಬೇಡುವುದು ತೂತು ಕಾಸು, ಕಾಲಾಣೆ,
ಆನೆ ಸವೆದು ಹಂದಿಯಾದ ಮೈಸೂರಿನ ತಾಮ್ರ.
ಅದು ಕೊಡುವುದು ಬೀರು ಬಾಟಲಿಯ ಮುಚ್ಚಳ.

ಹಳೇ ಸಂತೆಮಾಳದಲ್ಲಿ ಈಗ ಜಾಲಿ,
ಗುಟ್ಕಾ ಚೀಟಿ, ಯಾರೋ ನೆಟ್ಟು ಮರೆತ ಸೈಟಿನ ಕಲ್ಲು.
ಕಿವಿಯೊಳಗೆ ಮಾತ್ರ ಸಂತೆ ಇನ್ನೂ ನೆರೆದಿದೆ:
ಕಬ್ಬಿಣ ಗುರುಗುಟ್ಟುತ್ತದೆ, ಎತ್ತಿನ ಲಾಳ, ನೇಗಿಲ ಕುಳದ ತುದಿ;
ಗುಟ್ಕಾ ಚೀಟಿಯದು ಬರೀ ಚೌಕಾಸಿ, ಕಿಚಕಿಚ;
ತಾಮ್ರ ಒಂದೇ ಸಲ, ಹೆಸರು ಹಿಡಿದಂತೆ ಕರೆದು
ತಿರುಗಿ ನೋಡಿದರೆ ಸುಮ್ಮನಾಗುತ್ತದೆ.

ಗೇಣು ಅಗೆದು, ಮಣ್ಣು ಹಿಡಿದ ಮುಷ್ಟಿಯನ್ನೇ
ಯಂತ್ರದ ಮುಂದೆ ಒಡ್ಡಿ ಕೇಳಬೇಕು, ಇದೆಯಾ?
ಕುಣಿ ಮುಚ್ಚಿ ತುಳಿಯಬೇಕು. ಕುರಿಗಳ ಕಾಲು ಉಳುಕಬಾರದು.

"ನಿಧೀನಾ?" ಎಂದರು ಕುರಿಯವರು.
ಪೇದೆ ರೆಡ್ಡೆಪ್ಪ ಬೈಕು ನಿಲ್ಲಿಸಿ,
ಹತ್ತು ರೂಪಾಯಿ ಮೀರಿದ್ದು ಸಿಕ್ಕರೆ
ಸಾಹೇಬರಿಗೆ ಒಪ್ಪಿಸಬೇಕಂತೆ, ಕಾನೂನು, ಎಂದ.
ಅಲ್ಲಿಯವರೆಗಿನ ಸಂಪಾದನೆ ಅಂಗೈಲಿ ತೋರಿಸಿದೆ.
ಎಣಿಸಿದ. ನಕ್ಕ. ಹೆಂಡತಿಯ ಮೂಗುಬೊಟ್ಟು
ಹಿತ್ತಲಲ್ಲಿ ಬಿದ್ದುಹೋಗಿದೆ, ಬರ್ತೀರಾ ಬಾಬಾಜಾನ್, ಎಂದ.

ಆದೆಮ್ಮ ಬಂದದ್ದು ಹಾಗಲ್ಲ.
ದೊಣ್ಣೆ ಊರಿಕೊಂಡು ನೇರ ಬಂದು
ಸಾಲ ಕೊಟ್ಟವಳ ಹಾಗೆ ಕೈ ಚಾಚಿದಳು.
"ನಂದೊಂದು ಪಾವಲಿ ಐತೆ ಇಲ್ಲಿ."

ಒಂಬತ್ತು ವರ್ಷದವಳ ಲಂಗದ ಗಂಟು ಬಿಚ್ಚಿಹೋದ ಮಂಗಳವಾರ.
ಬೆಳ್ಳಿಯೋ ಅಲ್ಲವೋ ನೋಡಲು ಅವರಪ್ಪ
ರಾಜನ ಮೂಗಿನ ಮೇಲೆ ಕುಡುಗೋಲಲ್ಲಿ ಗೀರಿದ್ದನಂತೆ.
ಉಪ್ಪು, ಮೆಣಸಿನಕಾಯಿ, ಸೀಮೆಎಣ್ಣೆಗೆಂದು ಕೊಟ್ಟ ಕಾಸು.
ಯಾರೂ ಹೊಡೆಯಲಿಲ್ಲ.
ಮುಂದಿನ ಸಂತೆಯ ತನಕ ಉಪ್ಪಿಲ್ಲದ ಸಾರಲ್ಲಿ ಮುದ್ದೆ ನುಂಗಿದರು.
ಸಪ್ಪೆ ಅಂತ ತಮ್ಮ ಕೂಡ ಅನ್ನಲಿಲ್ಲ.
"ಅಂದಿದ್ರೆ ಮರ್ತಿರ್ತಿದ್ದೆ."

ಅಂದಿನಿಂದ ಸಿಕ್ಕಿದ್ದೆಲ್ಲ ಮೊದಲು ಅವಳ ಕೈಗೆ.
ಕಣ್ಣಿಗೆ ಪೊರೆ, ಹೆಬ್ಬೆರಳಲ್ಲೇ ನೋಡುವಳು,
"ಇದಿ ಕಾದು" ಎನ್ನುವಳು.
ಇದಲ್ಲ, ಎಂದು ಅವಳ ತೆಲುಗು.
ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡದ ನನ್ನ ಕಿವಿಗೆ
ಅದು ಬೀಳುತ್ತಿದ್ದದ್ದು ಬೇರೆ:
ಕಾದು, ಇನ್ನೂ ಕಾದು.

ಎರಡು ಮಳೆಗಾಲ ಹೋಯಿತು.
ಗಡಿಯಾರದಂಗಡಿ ಸುಬ್ಬಾಚಾರಿಯ ಗಲ್ಲಾಪೆಟ್ಟಿಗೆಯಲ್ಲಿ
ಅದೇ ರಾಜನ ಪಾವಲಿ ಇತ್ತು. ಆರುನೂರು ಎಂದ. ಕೊಂಡೆ.
ರಾತ್ರಿ ಷಟರ್ ಎಳೆದುಕೊಂಡು
ಅರದ ಅಂಚಿಂದ ಮೂಗಿನ ಮೇಲೆ ಒಂದು ಗೆರೆ;
ಬೇಯಿಸಿದ ಮೊಟ್ಟೆಯ ಹಳದಿಯಲ್ಲಿ ಅದ್ದಿಟ್ಟು ಕಪ್ಪು ಮಾಡಿದೆ.
ಭಾನುವಾರ, ನಾನೇ ಹೂತದ್ದನ್ನು ಅವಳೆದುರು ನಾನೇ ಅಗೆದೆ.
ಯಂತ್ರ ಕೂಡ ನನ್ನ ಪರವಾಗಿ ಕೂಗಿತು.

ಉಜ್ಜಿದಳು. ಮತ್ತೆ ಉಜ್ಜಿದಳು.
"ನಮ್ಮಪ್ಪ ಎಡಗೈಯೋನು" ಎಂದಳು.

ಕುರಿಯೊಂದು ಕೆಮ್ಮಿತು. ನಾನು ಕುಣಿ ಮುಚ್ಚುತ್ತಾ ಕೂತೆ,
ಮುಚ್ಚಿದ್ದನ್ನೇ ಮುಚ್ಚುತ್ತಾ.
ಕಾಸನ್ನೇನೂ ಅವಳು ಮರಳಿಸಲಿಲ್ಲ.
ಎಲೆಅಡಿಕೆ ಚೀಲದಲ್ಲಿ, ಸುಣ್ಣದ ಡಬ್ಬಿಯ ಪಕ್ಕಕ್ಕೆ ಇಳಿಸಿ
ದೊಣ್ಣೆ ಎತ್ತಿ ಹುಣಸೆಮರದ ಆಚೆ ತೋರಿಸಿದಳು.
"ಅಲ್ಲಿ ಬಳೆಗಾರರು ಕೂತ್ಕೊಳ್ತಿದ್ದಿದ್ದು.
ಉಪ್ಪಿಗಿಂತ ಮೊದ್ಲು ಅಲ್ಲಿಗೆ ಹೋಗಿದ್ದೆ ಕಣಪ್ಪ.
ಇದುವರ್ಗೂ ಯಾರ್ಗೂ ಹೇಳಿಲ್ಲ."

ಹೆಡ್‌ಫೋನು ಏರಿಸಿಕೊಂಡೆ.
ಲಾಳ. ಬಾಟಲಿ ಮುಚ್ಚಳ.
ಲಾಳ.