ನೀರು ಹಾಕ್ತೀರೇನ್ರಿ

ಮೊದಲು ತಪ್ಪಿದ್ದು ಸುಣ್ಣದ ದಾರದ ಗೆರೆ.
ಇಳಕಲ್ಲಿನ ಕ್ವಾರಿಯಲ್ಲಿ, ಕೆಂಪು ಗ್ರಾನೈಟಿನ ಬೆನ್ನ ಮೇಲೆ
ದಾವಲಸಾಬ ಗುಡೂರ ಹೊಡೆದದ್ದು ಒಂದು ಗೆರೆ,
ಕಂಡದ್ದು ಎರಡು.
ಇಲ್ಲದ ಗೆರೆಯ ಮೇಲೆ ಕೊಯ್ದ.
ಸ್ಲ್ಯಾಬು ಹೋಯಿತು, ಹದಿನೈದು ದಿನದ ಪಗಾರ ಹೋಯಿತು,
ಎರಡು ಸಲ ಚಷ್ಮಾ ಬದಲಾಯಿತು.

ನವನಗರದ ಓಪಿಡಿಯಲ್ಲಿ
ನನ್ನ ಬೆರಳು ನೋಡ್ರಿ ಅಂದೆ.
ಬಲಕ್ಕೆ ಎರಡೂ ಕಣ್ಣು ಬಂದವು.
ಎಡಕ್ಕೆ ಹೊರಳಿಸಿದರೆ ಎಡಗಣ್ಣು ನಡುವೆಯೇ ನಿಂತಿತು,
ಬಸ್ಸು ತಪ್ಪಿಸಿಕೊಂಡವರ ಹಾಗೆ.
"ತಲಿ ಒಳಗ ನೋವ ಐತ್ರೀ. ಅದು ಧೂಳಿಂದು ಬಿಡ್ರಿ."

ಧೂಳಿನದಲ್ಲ.
ಮೂಗಿನ ಹಿಂದೆ, ಮೆದುಳಕಾಂಡದ ಮುಂದೆ,
ತಲೆಬುರುಡೆಯ ತಳದ ಆ ಇಳಿಜಾರು ಎಲುಬು
ಸ್ಕ್ಯಾನಿನಲ್ಲಿ ಇರಬೇಕಾದಲ್ಲಿ
ಇಲ್ಲ.
ಹಳೇ ಬಾಗಲಕೋಟೆಯವರಿಗೆ ಇದು ಗೊತ್ತು:
ಹಿನ್ನೀರು ಬಾಗಿಲು ಮುರಿಯುವುದಿಲ್ಲ.
ಹೊಸ್ತಿಲಿಗೆ ಬಂದು ಕೂಡುತ್ತದೆ,
ಒಂದು ಬೆಳಗ್ಗೆ ಗೋಡೆಯೇ ಮಣ್ಣು.

ಚಿತ್ರ ಹೆಸರು ಹೇಳುವುದಿಲ್ಲ. ಕ್ಷಯವೂ ಇರಬಹುದು.
ಜೋಳದ ಕಾಳಿನಷ್ಟು ತುಣುಕು ತೆಗೆದು ಕಳಿಸಿದೆವು.
ಹನ್ನೊಂದನೇ ದಿನ ಫೋನು:
ಕಣದ ತುಂಬ ಗುಳ್ಳೆ. ಕಾರ್ಡೋಮಾ.
ತಾಯ ಹೊಟ್ಟೆಯಲ್ಲಿ ಬೆನ್ನೆಲುಬಿಗೆಂದು ಹಿಡಿದ ದಾರ,
ಕೆಲಸ ಮುಗಿದ ಮೇಲೂ ಸುತ್ತಿಡದೆ ಉಳಿದ ಒಂದು ತುದಿ,
ಐವತ್ತೊಂದು ವರ್ಷ ಸುಮ್ಮನಿದ್ದು
ಈಗ ಎದ್ದಿದೆ.

ಎಲ್ಲ ಹೇಳಿದೆ. ಮೂಗಿನೊಳಗಿಂದ ಹೋಗುತ್ತೇವೆ,
ಲಕ್ವಾ ಹೊಡೆಯಬಹುದು, ಮೆದುಳ ನೀರು ಸೋರಬಹುದು,
ಟೇಬಲ್ಲಿನ ಮೇಲೆಯೇ ಹೋಗಬಹುದು.
ಕೇಳಿದ್ದು ಒಂದೇ:
"ಡ್ರಿಲ್ಲಿಗೆ ನೀರ ಹಾಕ್ತೀರೇನ್ರಿ? ಒಣಾ ಹೊಡದ್ರ ಸುಡತೈತಿ."
ಹಾಕ್ತೀವಿ.
"ತುದಿ ವಜ್ರದ್ದೋ?"
ವಜ್ರದ್ದು.
"ಹಂಗಾರ ಆತು" ಅಂತ ಹೆಬ್ಬೆರಳು ಚಾಚಿದ.
ಖಾಜಾಬಿ ಶಾಯಿ ಒರೆಸಿದಳು, ಬಹಳ ಹೊತ್ತು.

ಒಂಬತ್ತು ತಾಸು.
ಎಡಕ್ಕೊಂದು ಬಲಕ್ಕೊಂದು ಧಮನಿ,
ನಡುವಿನ ಹಾದಿ ಒಂದು ರೂಪಾಯಿ ಬಿಲ್ಲೆಯಗಲ.
ಡಾಪ್ಲರ್ ಕಡ್ಡಿ ಇಟ್ಟಲ್ಲೆಲ್ಲ ಅವುಗಳ ಉಸುರು:
ಇಲ್ಲಿದ್ದೇನೆ, ಇಲ್ಲಿದ್ದೇನೆ.
ಮುರಗೋಡ ಸರ್ ಹೀರುಗೊಳವೆ ಹಿಡಿದರು, ನಾನು ವಜ್ರ.
ನಿಂಬೆವ್ವ ಸಿಸ್ಟರ್ ನೀರು ಬಿಟ್ಟಳು.
ಗಡ್ಡೆ ಮೆತ್ತಗೆ ಬಂತು, ಆರಿದ ಬೆಲ್ಲದ ಪಾಕದಂತೆ.
ಅದು ತಿಂದುಳಿಸಿದ ಅಂಚು ಬರಲಿಲ್ಲ;
ಗಟ್ಟಿ ಎಲುಬಿನ ಸದ್ದು ಕೇಳುವ ತನಕ ಕೊರೆದೆ.
ಎಡ ಧಮನಿಯ ಗೋಡೆಗೆ ಅಂಟಿದ ಉಗುರಿನಷ್ಟನ್ನು
ಮುಟ್ಟಿದೆ, ಬಿಟ್ಟೆ, ಮತ್ತೆ ಮುಟ್ಟಿದೆ.
ಸರ್ ಏನೂ ಅನ್ನಲಿಲ್ಲ.
ಬಿಟ್ಟೆ.
ತೊಡೆಯ ಕೊಬ್ಬು, ಮೂಗಿನದೇ ಒಂದು ಪದರು
ತೂತು ಮುಚ್ಚಿದವು.

ಮೂರು ತಿಂಗಳಿಗೆ ಬಂದ.
ಕಿರಣ ಚಿಕಿತ್ಸೆಯ ಚೀಟಿ ಬರೆಯುತ್ತಿದ್ದೆ.
"ಎಲ್ಲಾ ತಗದ್ರೇನ್ರೀ ಮೇಡಮ್ಮಾರ?"
ಇಲ್ಲ.
"ಎಲ್ಲಿ ನಿಂತ್ರಿ?"
ರಕ್ತನಾಳದ ಗ್ವಾಡಿ ಮ್ಯಾಲೆ.
ಸ್ವಲ್ಪ ಹೊತ್ತು ನನ್ನ ಬಲಗೈ ನೋಡಿದ.
"ರಸ್ತೆ ಬುಡಕ ಹೋದ ಕಲ್ಲ ನಾವೂ ಬಿಡ್ತೀವ್ರಿ.
ಬಿಟ್ಟಲ್ಲಿ ಗುರ್ತ ಹಾಕಿರ್ತೀವಿ."
ಆಮೇಲೆ, ಎದ್ದು ನಿಂತು:
"ಎಡಕ್ಕ ನೋಡಿದ್ರ ಇನ್ನೂ ಎರಡ ಕಾಣತಾವ.
ಎಡಕ್ಕ ನೋಡೂದ ಬಿಟ್ಟೇನಿ."

ಮುಂದಿನ ಸ್ಕ್ಯಾನಿನ ತಾರೀಖು ಬರೆದು
ಅಡಿಗೆ ಗೆರೆ ಎಳೆದೆ.
ಒಂದು ಕಣ್ಣು ಮುಚ್ಚಿಕೊಂಡು ಅವನು
ಅಂಕಿ ಓದಿದ.